ತರುಣ ಮಂದಿರಗಳಿಗೆ ಊರಿನ ಕಾಣಿಕೆ

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸುತ್ತುಮುತ್ತಲಿನ ಊರುಗಳಲ್ಲಿ ಸಂಚರಿಸುವವರಿಗೆ ಯುವಕ ಮಂಡಲ, ಕ್ರೀಡಾ ಸಂಘ, ಭಜನಾ ಮಂಡಳಿಗಳ ನಾಮಫಲಕಗಳು ಅಲ್ಲಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿ ಕೆಲವು ಸಂಸ್ಥೆಗಳು ತಮ್ಮ ಊರಿನ ಜೀವಾಳವೇ ಆಗಿರುವುದುಂಟು. ಆದರೆ ಮತ್ತೆ ಕೆಲವು ಮಂದಿರಗಳು ಚೌತಿಯ ದಿನಗಳಲ್ಲಿ ಬಾಗಿಲು ತೆರೆದು, ವರ್ಷದ ಉಳಿದ ದಿನಗಳನ್ನೆಲ್ಲ ಬೀಗ ಹಾಕಿಸಿಕೊಂಡೇ ಕಳೆಯುತ್ತಿರುವುದು ವಿಷಾದಕರವಾದ ಸಂಗತಿ. ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲು ಹೊಳೆಯುತ್ತಿರುತ್ತದೆ. ಒಳಗೆ ಓದಲು ಪತ್ರಿಕೆಯಿಲ್ಲ, ಆಡಲು ಚೆಂಡಿಲ್ಲ, ಸಂಜೆ ದೀಪ ಹಚ್ಚುವವರಿಲ್ಲ. ಕಟ್ಟಡಕ್ಕೆ ಹಣ ಕೂಡಿಸಿದವರು, ಆ ಕಟ್ಟಡದಲ್ಲಿ ನಿತ್ಯವೂ ನಡೆಯಬೇಕಾದ ಕಾರ್ಯಕ್ಕೆ ಹಣವೆಲ್ಲಿಂದ ಬರಬೇಕೆಂಬುದನ್ನು ಆಲೋಚಿಸದೆ ಹೋದುದೇ ಇದಕ್ಕೆ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಕಲ್ಲಿನಲ್ಲಿ ಹೆಸರು ಉಳಿಯಬೇಕೆಂಬ ಆಸೆ ಮನುಷ್ಯಸಹಜವಾದುದು; ಅದನ್ನು ನಾವು ಹಳಿಯುವುದಿಲ್ಲ. ಆದರೆ ವಿದ್ಯುತ್ತಿನ ಬಿಲ್ಲಿನ ಮೇಲೆ ಯಾರ ಹೆಸರನ್ನು ಕೆತ್ತಿಸುವುದು? ಗ್ರಂಥಪಾಲಕನ ಸಂಬಳಕ್ಕೆ, ಹೊಲಿಗೆ ಯಂತ್ರದ ದುರಸ್ತಿಗೆ, ಮಳೆಗಾಲದಲ್ಲಿ ಸೋರುವ ಹೆಂಚಿಗೆ ಯಾವ ದಾನಿಯು ಮುಂದೆ ಬರುವನು? ತರುಣರ ಮಂದಿರವೊಂದು ಬದುಕುವುದು ಇಂತಹ ಸಣ್ಣ ಖರ್ಚುಗಳಿಂದಲೇ. ಇದಕ್ಕಿಂತಲೂ ದೊಡ್ಡ ಪ್ರಶ್ನೆಯೊಂದಿದೆ. ಹಣ ಕೊಟ್ಟವನದೇ ಮನೆಯೆಂಬುದು ಲೋಕದ ರೂಢಿ. ಒಬ್ಬ ಶ್ರೀಮಂತನ ಹಣದಿಂದ ನಡೆದರೆ ಮಂದಿರವು ಆ ಶ್ರೀಮಂತನದಾಗುತ್ತದೆ. ಒಂದು ಪಕ್ಷದ ಹಣದಿಂದ ನಡೆದರೆ ಆ ಪಕ್ಷದ ಕಛೇರಿಯಾಗುತ್ತದೆ. ಒಂದೇ ಜಾತಿಯ ಹಣದಿಂದ ನಡೆದರೆ ಮಿಕ್ಕವರ ಮಕ್ಕಳು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಊರಿನ ಪ್ರತಿಯೊಂದು ಮನೆಯೂ ಕಿಂಚಿತ್ತಾದರೂ ಕೊಟ್ಟುದಾದರೆ ಮಾತ್ರ ಪ್ರತಿಯೊಂದು ಮನೆಯ ಮಗುವೂ ತಲೆಯೆತ್ತಿ ಒಳಹೊಗಬಲ್ಲುದು.

ಸಣ್ಣ ಹಣದ ಮಹತ್ವವನ್ನು ಬೇರೆ ದೇಶದವರಿಂದ ಕಲಿಯಬೇಕಾದ ಅಗತ್ಯ ಉಡುಪಿಯವರಿಗಿಲ್ಲ. 1906ರ ಮಾರ್ಚಿ ತಿಂಗಳಿನಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಇತರ ಮಹನೀಯರೊಡಗೂಡಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಎಂಬ ಸಂಸ್ಥೆಯನ್ನು 5,000 ರೂಪಾಯಿಗಳ ಮೂಲಧನದಿಂದ ಇಲ್ಲಿ ಸ್ಥಾಪಿಸಿದರು. ಮೊದಲನೆಯ ದಿನದ ಕೊನೆಯಲ್ಲಿ ಅದರ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕಾಗಿ ಬೆಳೆದು, 1980ರಲ್ಲಿ ರಾಷ್ಟ್ರೀಕೃತವಾಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. 1925ರಲ್ಲಿ ಕೈಮಗ್ಗದ ನೇಕಾರರು ಸಂಕಟಕ್ಕೀಡಾಗಿದ್ದಾಗ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು 8,000 ರೂಪಾಯಿಗಳಿಂದ ಉಡುಪಿಯಲ್ಲಿಯೇ ಮತ್ತೊಂದು ಸಂಸ್ಥೆಯನ್ನು ತೊಡಗಿಸಿದರು. ಅದು ಸಿಂಡಿಕೇಟ್ ಬ್ಯಾಂಕೆಂದು ದೇಶದಲ್ಲೆಲ್ಲ ಪ್ರಸಿದ್ಧವಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಆ ಸಂಸ್ಥೆಯವರು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯು ನಮ್ಮ ವಾಚಕರಲ್ಲಿ ಯಾರಿಗೂ ಅಪರಿಚಿತವಲ್ಲ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿಯೇ ಹಣವನ್ನು ಸ್ವೀಕರಿಸುವ ಈ ಕ್ರಮದಿಂದ, ಬ್ಯಾಂಕಿನ ಮೆಟ್ಟಿಲನ್ನೇ ತುಳಿಯದಿದ್ದ ಬಡವನೂ ಹಣ ಕೂಡಿಡಲು ಕಲಿತನು. ಕೊಡುವವನ ಬಳಿಗೆ ಪಡೆಯುವವನು ನಿತ್ಯವೂ ಹೋದುದು, ಕೊಟ್ಟುದನ್ನು ಪುಸ್ತಕದಲ್ಲಿ ಬರೆದುದು, ಈ ಎರಡೇ ಅದರ ರಹಸ್ಯ.

ಇದೇ ಕ್ರಮವನ್ನು ತರುಣರ ಮಂದಿರಕ್ಕೆ ಅನ್ವಯಿಸಿ ನೋಡೋಣ. ಒಂದು ಊರಿನಲ್ಲಿ 300 ಮನೆಗಳಿವೆಯೆಂದೂ, ಮನೆಯೊಂದಕ್ಕೆ ದಿನಕ್ಕೆ 2 ರೂಪಾಯಿಯಂತೆ ದೊರೆಯುವುದೆಂದೂ ಭಾವಿಸಿದರೆ, ದಿನಕ್ಕೆ 600 ರೂಪಾಯಿ, 30 ದಿನಗಳ ತಿಂಗಳಿಗೆ 18,000 ರೂಪಾಯಿ, ವರ್ಷಕ್ಕೆ 2,19,000 ರೂಪಾಯಿ ಕೂಡುತ್ತದೆ. ಅರ್ಧದಷ್ಟು ಮನೆಯವರು ಮಾತ್ರ ಕೊಟ್ಟರೂ ಒಂದು ವಾಚನಾಲಯ, ಒಂದು ಆಟದ ಬಯಲು, ಒಂದು ಸಂಜೆಯ ತರಗತಿ ಇವುಗಳ ನಿತ್ಯದ ಖರ್ಚಿಗೆ ಅದು ಸಣ್ಣ ಆಧಾರವಲ್ಲ. ಅಂದಿನ ಪಿಗ್ಮಿ ಸಂಗ್ರಾಹಕನ ಕೆಲಸವನ್ನು ಇಂದು ಕೈಯಲ್ಲಿರುವ ಮೊಬೈಲೇ ಮಾಡಬಲ್ಲುದು. 2016ರಲ್ಲಿ ಯುಪಿಐ ಪದ್ಧತಿ ಬಂದ ಮೇಲೆ ಮೀನು ಮಾರುವವರೂ ಹೂ ಕಟ್ಟುವವರೂ ಆ ಮೂಲಕ ಹಣ ಪಡೆಯುತ್ತಿದ್ದಾರೆ. ಆದರೂ ತಿಂಗಳಿಗೊಮ್ಮೆಯಾದರೂ ತರುಣರು ಮನೆಮನೆಗೆ ಹೋಗತಕ್ಕದ್ದೆಂದು ನಾವು ಹೇಳುವೆವು. ಜಗಲಿಯಲ್ಲಿ ಕುಳಿತು ಹಿರಿಯರ ಎರಡು ಮಾತು ಕೇಳಿ ಬಂದ ಹುಡುಗನಿಗೆ ಹಣದೊಡನೆ ಊರಿನ ಪರಿಚಯವೂ ದೊರೆಯುತ್ತದೆ.

ಎರಡನೆಯ ಮಾರ್ಗವು ಹೊರೆಕಾಣಿಕೆಯದು. ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯವಾಗುವ ಕಾಲಕ್ಕೆ ಅಕ್ಕಿ, ತೆಂಗು, ತರಕಾರಿ, ಬೆಲ್ಲಗಳ ಹೊರೆಗಳು ಊರೂರುಗಳಿಂದ ಮೆರವಣಿಗೆಯಲ್ಲಿ ಬರುವುದನ್ನು ಕಾಣದವರಾರು? ಕೈಯಲ್ಲಿ ಕಾಸಿಲ್ಲದವನೂ ತನ್ನ ಹಿತ್ತಿಲಿನ ಒಂದು ಕುಂಬಳಕಾಯಿಯನ್ನು ತಂದು ಒಪ್ಪಿಸಿ, ಉತ್ಸವದಲ್ಲಿ ತನಗೂ ಪಾಲಿದೆಯೆಂದು ಭಾವಿಸುತ್ತಾನೆ. ತರುಣರ ಮಂದಿರಕ್ಕೂ ಈ ಬಗೆಯ ಹೊರೆ ಬರಲಾರದೆ? ಬಡಗಿಯು ಎರಡು ದಿನದ ಕೆಲಸವನ್ನು, ಅಧ್ಯಾಪಕರು ವಾರಕ್ಕೊಂದು ಸಂಜೆಯನ್ನು, ವಕೀಲರು ಓದಿ ಮುಗಿಸಿದ ಗ್ರಂಥಗಳನ್ನು, ವೈದ್ಯರು ತಿಂಗಳಿಗೊಂದು ಗಂಟೆಯನ್ನು, ನಿವೃತ್ತರಾದ ಅಧಿಕಾರಿಗಳು ಲೆಕ್ಕಪತ್ರ ಬರೆಯುವ ಶ್ರಮವನ್ನು ಕಾಣಿಕೆಯಾಗಿ ಕೊಡಬಹುದು. ಹಣದ ಲೆಕ್ಕದಲ್ಲಿ ಬಾರದ ಈ ಕೊಡುಗೆಗಳು ಹಣದ ಅವಶ್ಯಕತೆಯನ್ನೇ ತಗ್ಗಿಸುತ್ತವೆ.

ಮೂರನೆಯದು ಕಲೆಯ ಮೂಲಕ ಧನಸಂಗ್ರಹ. ಸಹಾಯಾರ್ಥವಾಗಿ ಆಟವಾಡಿಸುವುದು ನಮ್ಮ ಕರಾವಳಿಯ ಹಳೆಯ ಪದ್ಧತಿ. ಆದರೆ ಮೇಳದ ವೀಳ್ಯ, ಚಪ್ಪರ, ಧ್ವನಿವರ್ಧಕ, ಸನ್ಮಾನದ ಶಾಲು ಇವುಗಳ ವೆಚ್ಚ ಕಳೆದ ಮೇಲೆ ನಿಧಿಗೆ ಏನೂ ಉಳಿಯದೆ ಹೋಗುವುದೂ ಉಂಟು. ಆಟಕ್ಕೆ ಮುಂಚಿತವಾಗಿಯೇ ವೆಚ್ಚದ ಮಿತಿಯನ್ನು ನಿಶ್ಚಯಿಸಿ, ಆ ವೆಚ್ಚವನ್ನು ಒಬ್ಬಿಬ್ಬರು ಪೋಷಕರಿಂದ ಪಡೆದು, ಪ್ರೇಕ್ಷಕರು ಕೊಟ್ಟುದೆಲ್ಲವೂ ನಿಧಿಗೇ ಸಲ್ಲುವಂತೆ ಮಾಡಬೇಕು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗವು ಕಲಾಸೇವೆಯಿಂದ ತೊಡಗಿ, ವಿದ್ಯಾಪೋಷಕ್ ಯೋಜನೆಯ ಮೂಲಕ ಬಡ ವಿದ್ಯಾರ್ಥಿಗಳ ಓದಿಗೆ ನೆರವಾಗುವಷ್ಟು, ಮನೆಯಿಲ್ಲದ ವಿದ್ಯಾರ್ಥಿಗಳಿಗೆ ದಾನಿಗಳಿಂದ ಮನೆ ಕಟ್ಟಿಸಿಕೊಡುವಷ್ಟು ಬೆಳೆದಿದೆ. ಕಾಪು ಸೀಮೆಯ ಕಟಪಾಡಿಯ ರವಿಯವರು ಕೂಲಿ ಮಾಡಿ ಬದುಕುವವರು. ಅಷ್ಟಮಿಯ ಸಮಯದಲ್ಲಿ ವಿಚಿತ್ರ ವೇಷ ಧರಿಸಿ ಬೀದಿಬೀದಿ ತಿರುಗಿ, ಕೂಡಿದ ಹಣವನ್ನು ರೋಗಪೀಡಿತ ಮಕ್ಕಳ ಚಿಕಿತ್ಸೆಗೆ ಒಪ್ಪಿಸಿ ನಾಡಿಗೆ ಹೆಸರಾಗಿದ್ದಾರೆ. ಇವರ ಮೇಲೆ ಜನರಿಗೆ ನಂಬಿಕೆ ಹುಟ್ಟಿದುದೇಕೆ? ಹಣ ಯಾರಿಗಾಗಿ ಕೂಡುತ್ತಿದೆ, ಯಾರ ಕೈಸೇರಿತು ಎಂಬುದು ಎಲ್ಲರ ಕಣ್ಣಿಗೂ ಕಾಣುವುದರಿಂದ.

ನಾಲ್ಕನೆಯದಾಗಿ, ದೊಡ್ಡ ವೆಚ್ಚವನ್ನು ಸಣ್ಣ ಪಾಲುಗಳಾಗಿ ವಿಂಗಡಿಸುವ ಉಪಾಯ. ಕಾಪುವಿನ ಹೊಸ ಮಾರಿಗುಡಿಯನ್ನು ಕೆಂಪು ಶಿಲೆಯಲ್ಲಿ ಪುನರ್ನಿರ್ಮಿಸಿ 2025ರಲ್ಲಿ ಬ್ರಹ್ಮಕಲಶೋತ್ಸವ ನಡೆಸಿದರಷ್ಟೆ. ಶಿಲಾಸೇವೆಯೆಂಬ ಹೆಸರಿನಲ್ಲಿ ಭಕ್ತರು ತಮ್ಮ ಶಕ್ತ್ಯನುಸಾರ ಕಲ್ಲುಗಳ ಲೆಕ್ಕದಲ್ಲಿ ಕಾಣಿಕೆ ಸಲ್ಲಿಸಿದರು. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಿತನಾದ ಗೋಮಟೇಶ್ವರನಿಗೆ ಮಹಾಮಸ್ತಕಾಭಿಷೇಕವಾಗುವಾಗಲೂ ಭಕ್ತರು ಒಂದೊಂದು ಕಲಶವನ್ನು ತಮ್ಮದಾಗಿಸಿಕೊಳ್ಳುತ್ತಾರೆ. ದೇವರ ಕಾರ್ಯದಲ್ಲಿ ನಾವು ಇಷ್ಟು ಚೆನ್ನಾಗಿ ಬಲ್ಲ ಈ ವಿದ್ಯೆಯನ್ನು ಮಕ್ಕಳ ಕಾರ್ಯದಲ್ಲಿ ಮರೆಯುವುದೇಕೆ? ಒಂದು ವರ್ಷದ ಪತ್ರಿಕೆಗಳು ಒಬ್ಬರ ಪಾಲಿಗೆ, ಒಂದು ಹೊಲಿಗೆ ಯಂತ್ರ ಮತ್ತೊಬ್ಬರ ಪಾಲಿಗೆ, ಒಂದು ತಿಂಗಳ ದೀಪದ ಖರ್ಚು ಮಗದೊಬ್ಬರ ಪಾಲಿಗೆ ಬರಲಿ. ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋಗಿ ನೆಲೆಸಿದ ನಮ್ಮವರು ಇದಕ್ಕೆ ಹಿಂಜರಿಯಲಾರರು. 1902ರಲ್ಲಿಯೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿ, ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆ ನಡೆಸಿದವರು ಈ ಕರಾವಳಿಯವರೇ ಅಲ್ಲವೆ? ವಿದೇಶದಲ್ಲಿರುವ ಭಾರತದ ಪ್ರಜೆಯು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮುಖಾಂತರ ಕಳುಹಿಸಿದ ಹಣವು ಕಾನೂನಿನ ದೃಷ್ಟಿಯಲ್ಲಿ ವಿದೇಶೀ ದೇಣಿಗೆಯಲ್ಲ. ಆದರೆ ಅನ್ಯದೇಶದ ಪೌರತ್ವ ಪಡೆದವರಿಂದ ಸ್ವೀಕರಿಸಬೇಕಾದರೆ 2010ರ ಅಧಿನಿಯಮದಂತೆ ಅನುಮತಿ ಬೇಕು. ಕಾರ್ಯದರ್ಶಿಗಳು ಈ ಭೇದವನ್ನು ಮೊದಲೇ ತಿಳಿದಿರತಕ್ಕದ್ದು.

ಇನ್ನು ಮಾಡಬಾರದ ಕೆಲವು ಕಾರ್ಯಗಳನ್ನೂ ಹೇಳಬೇಕಾಗಿದೆ. ಬಹುಮಾನದ ಚೀಟಿಗಳನ್ನು ಮಾರಿ ಹಣ ಕೂಡಿಸುವ ಮೋಹ ಬೇಡ. 2007ರಿಂದ ನಮ್ಮ ರಾಜ್ಯದಲ್ಲಿ ಲಾಟರಿ ನಿಷಿದ್ಧವಾಗಿದೆ. ಅದಲ್ಲದೆ ತರುಣರಿಗೆ ಜೂಜಿನ ಮೊದಲ ಪಾಠವನ್ನು ಅವರ ಮಂದಿರವೇ ಕಲಿಸುವುದು ಯುಕ್ತವಲ್ಲ. ರಸ್ತೆಗೆ ಹಗ್ಗ ಕಟ್ಟಿ ವಾಹನಗಳನ್ನು ತಡೆಯುವುದು, ಅಂಗಡಿಯವನು ಕೊಟ್ಟುದನ್ನು ಸಾಲದೆಂದು ಹಿಂದಿರುಗಿಸುವುದು, ಕೊಡದವನನ್ನು ಹೆಸರು ಹಿಡಿದು ಮೂದಲಿಸುವುದು ಇವು ವಂತಿಗೆಯಲ್ಲ, ಸುಲಿಗೆ. ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ನೋಂದಾಯಿಸಿ, ಕಾಸಿಕಾಸಿಗೂ ರಶೀದಿಯಿತ್ತು, ಇಬ್ಬರ ಸಹಿಯಿಲ್ಲದೆ ಬ್ಯಾಂಕಿನಿಂದ ಹಣ ತೆಗೆಯಲಾಗದಂತೆ ನಿಯಮ ಮಾಡಿ, ತಿಂಗಳ ಆಯವ್ಯಯವನ್ನು ಮಂದಿರದ ಹೊರಗೋಡೆಯಲ್ಲಿ ಅಂಟಿಸುವುದು ಶ್ರೇಯಸ್ಕರ. ಮುಂದಿನ ವರ್ಷ ಯಾರೂ ಕೊಡದಿರುವಂತೆ ಮಾಡಲು ಈ ವರ್ಷದ ಲೆಕ್ಕವನ್ನು ಮುಚ್ಚಿಟ್ಟರೆ ಸಾಕು.

ಒಬ್ಬ ಧನಿಕನೇ ಎಲ್ಲವನ್ನೂ ಕೊಟ್ಟರೆ ಈ ತೊಂದರೆಯೆಲ್ಲ ಏಕೆಂದು ಕೆಲವರು ಕೇಳಬಹುದು. ಮಂಗಳೂರಿನ ಕಾರ್ನಾಡು ಸದಾಶಿವರಾಯರು ತಮ್ಮ ವಕೀಲಿಯನ್ನೂ ಸಂಪತ್ತನ್ನೂ ರಾಷ್ಟ್ರಸೇವೆಗೆ ಧಾರೆಯೆರೆದು 1937ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಅಂತಹ ತ್ಯಾಗವನ್ನು ನಾವು ಶಿರಬಾಗಿ ವಂದಿಸುತ್ತೇವೆ. ಆದರೆ ಒಬ್ಬನ ಐಶ್ವರ್ಯವು ಎಷ್ಟಿದ್ದರೂ ಮುಗಿದುಹೋಗುವಂತಹುದು, ಅದನ್ನು ಮುಗಿಸುವ ಹಕ್ಕು ಊರಿಗಿಲ್ಲ. 1921ರಲ್ಲಿ ತಿಲಕ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಕೂಡಿದುದು ಶ್ರೀಮಂತರ ಚೆಕ್ಕುಗಳಿಂದ ಮಾತ್ರವಲ್ಲ, ಅಸಂಖ್ಯಾತ ಜನಸಾಮಾನ್ಯರ ಕಾಸುಗಳಿಂದಲೂ ಅಹುದು. 1934ರ ಫೆಬ್ರವರಿಯಲ್ಲಿ ಹರಿಜನಸೇವೆಯ ಪ್ರವಾಸದಲ್ಲಿ ಗಾಂಧೀಜಿಯವರು ಉಡುಪಿಗೂ ಬಂದಿದ್ದರು. ಆ ಪ್ರವಾಸದಲ್ಲಿ ಅವರು ತಮಗೆ ಅರ್ಪಿಸಿದ ಬಿನ್ನವತ್ತಳೆಗಳನ್ನೂ ಉಡುಗೊರೆಗಳನ್ನೂ ಸಭೆಗಳಲ್ಲಿಯೇ ಹರಾಜಿಗಿಟ್ಟು ನಿಧಿಗೆ ಸೇರಿಸುತ್ತಿದ್ದರು. ಹಣ ಕೊಟ್ಟವನ ಮನಸ್ಸೂ ಆ ಕಾರ್ಯದೊಡನೆ ಬರುವುದೆಂದು ಅವರು ಬಲ್ಲವರಾಗಿದ್ದರು.

ಡಾಕ್ಟರ್ ಟಿ. ಎಂ. ಎ. ಪೈಯವರು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜ್ಯುಕೇಶನನ್ನು ಸ್ಥಾಪಿಸಿದಾಗ, ಯುವಜನರಿಗೆ ಬದುಕಲು ಬೇಕಾದ ಕಸುಬನ್ನು ಕಲಿಸುವುದು ಅದರ ಮೊದಲ ಉದ್ದೇಶಗಳಲ್ಲೊಂದಾಗಿತ್ತು. ಇಂದು ಮಣಿಪಾಲಕ್ಕೆ ದೂರದೇಶಗಳ ತರುಣರು ಓದಲು ಬರುತ್ತಾರೆ; ಅದರ ನೆರೆಯ ಹಳ್ಳಿಗಳ ತರುಣರೋ ಕೆಲಸವನ್ನರಸಿ ಬೆಂಗಳೂರು, ಮುಂಬಯಿ, ದುಬಾಯಿಗಳ ದಾರಿ ಹಿಡಿಯುತ್ತಾರೆ. ಹೋಗುವವರನ್ನು ತಡೆಯುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಆದರೆ ಊರಿನಲ್ಲಿ ಉಳಿದವರಿಗೆ ಸಂಜೆ ಕುಳಿತುಕೊಳ್ಳಲು ಒಂದು ಸಭ್ಯವಾದ ತಾಣವಿರಬೇಕು. ಅಲ್ಲಿ ಬಿಲ್ಲವನ ಮಗನೂ ಬಂಟನ ಮಗನೂ, ಮೊಗವೀರನ ಮಗಳೂ ಬ್ಯಾರಿಯ ಮಗಳೂ, ಕ್ರೈಸ್ತನೂ ಜೈನನೂ ಕೊರಗನೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪತ್ರಿಕೆಯನ್ನು ಓದುವಂತಾಗಬೇಕು. ಪರಸ್ಪರ ಸಂಶಯವನ್ನು ಬಿತ್ತುವವರು ಹೆಚ್ಚುತ್ತಿರುವ ಈ ದಿನಗಳಲ್ಲಿ ಅಂತಹ ಬೆಂಚಿನ ಬೆಲೆ ಬಹಳ ದೊಡ್ಡದು. ಉಡುಪಿಯ ಮೊದಲ ಬ್ಯಾಂಕನ್ನು ಒಬ್ಬ ಮುಸಲ್ಮಾನ ಮಹನೀಯನು ತನ್ನ ಹಿಂದೂ ಮಿತ್ರರೊಡನೆ ಕೂಡಿ ಕಟ್ಟಿದನೆಂಬುದನ್ನು ನಮ್ಮ ತರುಣರು ಆ ಬೆಂಚಿನಲ್ಲಿ ಕುಳಿತೇ ತಿಳಿಯಲಿ.

ಆದುದರಿಂದ ಪಟ್ಟಣದ ಗೃಹಸ್ಥರಲ್ಲಿಯೂ ಅಧಿಕಾರಿವರ್ಗದವರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ತಮ್ಮ ಊರಿನಲ್ಲಿ ಬೀಗ ಹಾಕಿದ ಮಂದಿರವೊಂದಿದ್ದರೆ ಹೊಸ ಕಟ್ಟಡದ ಮಾತನ್ನು ಬದಿಗಿಟ್ಟು ಮೊದಲು ಆ ಬೀಗವನ್ನು ತೆಗೆಸಿರಿ. ದೊಡ್ಡ ದೇಣಿಗೆಯನ್ನು ಘೋಷಿಸುವುದಕ್ಕಿಂತ ಸಣ್ಣ ಕಾಣಿಕೆಯನ್ನು ತಪ್ಪದೆ ಕೊಡಿರಿ. ಕೊಟ್ಟ ಮೇಲೆ ಲೆಕ್ಕ ಕೇಳಿರಿ. ತರುಣರು ಲೆಕ್ಕ ಒಪ್ಪಿಸುವುದನ್ನು ಕಲಿತರೆ, ಆ ಮಂದಿರದಿಂದ ಊರಿಗೆ ದೊರೆಯುವ ಮೊದಲನೆಯ ಪ್ರಯೋಜನ ಅದೇ ಆಗುವುದು.