ಪೀರು ಎತ್ತಲ್ಲ ಅಂದ ಹುಡುಗ

“ಮಾಮ, ಈ ಸಲ ನಾನು ಪೀರು ಎತ್ತಲ್ಲ.”

ಹೀಗಂದವನು ನಮ್ಮೂರ ಮುಜಾವರನ ಮಗ. 2025ರ ಜೂನ್ ಕೊನೆಯ ವಾರ, ಮೊಹರಂ ಚಂದ್ರ ಕಂಡು ಎರಡು ದಿನವಾಗಿತ್ತು. ನನ್ನ ಬೋರಿನ ಮೋಟಾರು ಸುಟ್ಟಿತ್ತು, ಅದನ್ನು ಸರಿಮಾಡಿ ಇಳಿಸೋಕೆ ಹೊಲಕ್ಕೆ ಬಂದಿದ್ದ. ರಾಯದುರ್ಗದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಅವನದು. ಅದಕ್ಕೂ ಮುಂಚೆ ಮೂರು ವರ್ಷ ಮದರಸಾದಲ್ಲಿ ಓದಿ ಬಂದವನು. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ತಲೆ ತಗ್ಗಿಸಿ ಆ ಮಾತು ಆಡಿದ. ನನಗೆ ಒಂದು ಗಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವನ ತಾತ ಪೀರು ಎತ್ತಿದ್ದನ್ನು ಕಂಡವನು ನಾನು, ಅಪ್ಪ ಎತ್ತುವುದನ್ನು ಈಗಲೂ ಕಾಣುತ್ತಿರುವವನು. ಅಪ್ಪನಿಗೆ ಮೊಣಕಾಲು ನೋವು. ಈ ವರ್ಷ ಮಗನೇ ಎತ್ತುತ್ತಾನೆ ಅಂತ ಊರೆಲ್ಲ ಅಂದುಕೊಂಡಿತ್ತು.

“ಯಾಕೋ ಅಳಿಯಾ?” ಅಂದೆ.

“ಅದು ಬಿದ್‌ಅತ್ ಮಾಮ. ದೀನಿನಲ್ಲಿ ಇಲ್ಲದ್ದು.”

ಚಂದ್ರನ ಲೆಕ್ಕದ ಹಬ್ಬ

ನಮ್ಮ ರಾಯದುರ್ಗ ಸೀಮೆಯಲ್ಲಿ ಮೊಹರಂ ಅಂದರೆ ಪೀರ್ಲ ಹಬ್ಬ. ಚಾವಡಿಯಲ್ಲಿ ಪಂಜಾಗಳನ್ನು ಕೂಡಿಸುತ್ತಾರೆ, ಮುಂದೆ ಗುಂಡಿ ತೋಡಿ ಬೆಂಕಿ ಹಾಕುತ್ತಾರೆ, ಜನ ಸಕ್ಕರೆ ಓದಿಸುತ್ತಾರೆ. ಕತಲ್ ರಾತ್ರಿ ಬೆಳಗಾಗುವವರೆಗೂ ಹಾಡು, ಕುಣಿತ. ಸೌದೆ ಕೊಡುವುದು ನಮ್ಮ ಮನೆಯ ಪಾಲು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಈ ಕಡೆ ಸೇರಿದವು. ಆದರೆ ನಮ್ಮೂರ ಪೀರ್ಲ ಹಾಡಿಗೆ ಇವತ್ತಿಗೂ ಎರಡು ಭಾಷೆ. ಒಂದು ನುಡಿ ಕನ್ನಡ, ಮುಂದಿನ ನುಡಿ ತೆಲುಗು. ಹುಸೇನಪ್ಪ, ಪೀರಪ್ಪ, ಕುಳ್ಳಾಯಪ್ಪ ಅನ್ನೋ ಹೆಸರುಗಳು ಹಿಂದೂಗಳ ಮನೆಗಳಲ್ಲೇ ಎಷ್ಟೋ ಇವೆ. ನನ್ನ ಅಣ್ಣನಿಗೂ ಹರಕೆ ಹೊತ್ತು ಅಂಥದ್ದೇ ಹೆಸರಿಟ್ಟರು. ಅನಂತಪುರ ಜಿಲ್ಲೆಯ ನಾರ್ಪಲ ಮಂಡಲದ ಗೂಗೂಡಿಗೆ ಕುಳ್ಳಾಯಿಸ್ವಾಮಿಯ ಹಬ್ಬಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಪೀರುಗಳ ಚಾವಡಿಯ ಹತ್ತಿರವೇ ಆಂಜನೇಯನ ಗುಡಿ. ಜನ ಎರಡೂ ಕಡೆ ಕೈಮುಗಿದು ಬರುತ್ತಾರೆ.

ಈ ಹಬ್ಬ ಚಂದ್ರನ ಲೆಕ್ಕದ್ದು. ಚಂದ್ರಮಾನದ ವರ್ಷಕ್ಕೆ 354 ದಿನ, ಹಾಗಾಗಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಒಮ್ಮೆ ಶೇಂಗಾ ಬಿತ್ತನೆಗೆ ಬಂದದ್ದು ಮುಂದೆ ಬೇಸಿಗೆಗೆ ಹೋಗಿ, ಚಳಿಗಾಲಕ್ಕೆ ಹೋಗಿ, ಸುತ್ತಿಕೊಂಡು ಮತ್ತೆ ಬಿತ್ತನೆಗೆ ಬರೋಕೆ ಸುಮಾರು 33 ವರ್ಷ ಬೇಕು. 1992ರಲ್ಲಿ ಜುಲೈ ತಿಂಗಳಲ್ಲಿ ಬಂದಿತ್ತು. 2025ರಲ್ಲಿ ಮತ್ತೆ ಜುಲೈ 6ಕ್ಕೆ ಬಂತು. ನನ್ನ ತಿಳಿವಳಿಕೆಯ ಕಾಲದಲ್ಲಿ ಒಂದು ಸುತ್ತು ಪೂರ್ತಿ ಆಯಿತು.

ಬಿದ್‌ಅತ್ ಅಂದರೆ ಏನು?

ಎಸ್ಸೆಸ್ಸೆಲ್ಸಿ ಓದಿದ ನನಗೆ ಅರಬ್ಬಿ ಬರುವುದಿಲ್ಲ. ಆ ಹುಡುಗನ ಹತ್ತಿರ ಕೇಳಿದೆ. ಆಮೇಲೆ ನನಗೆ ಪರಿಚಯದ ಒಬ್ಬ ನಿವೃತ್ತ ಉರ್ದು ಮೇಷ್ಟ್ರ ಜೊತೆ ಎರಡು ಸಂಜೆ ಕೂತೆ. ತಿಳಿದುಕೊಂಡಷ್ಟನ್ನು ಹೇಳುತ್ತೇನೆ.

ಬಿದ್‌ಅತ್ ಅಂದರೆ ಹೊಸದಾಗಿ ಸೇರಿಸಿದ್ದು. ಬಸ್ಸು, ಬೋರ್‌ವೆಲ್ಲು, ಮೊಬೈಲು ಇವುಗಳ ಮಾತಲ್ಲ ಅದು. ಧರ್ಮದ ಆಚರಣೆಯಲ್ಲಿ ಮೂಲದಲ್ಲಿಲ್ಲದ್ದನ್ನು ತಂದು ಇದೂ ಧರ್ಮವೇ ಅನ್ನುವುದು. ಹಾಗೆ ಸೇರಿಸಿದ್ದನ್ನು ಒಪ್ಪಬಾರದು ಅಂತ ಪೈಗಂಬರರು ಹೇಳಿದ್ದು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಅವರು ಹಾಕಿಕೊಟ್ಟ ಹಬ್ಬಗಳು ಎರಡೇ: ರಂಜಾನ್ ಮುಗಿದ ಮೇಲಿನದೊಂದು, ಬಕ್ರೀದ್ ಒಂದು. ಮೊಹರಂ ಹತ್ತನೇ ದಿನ ಪೈಗಂಬರರು ಉಪವಾಸ ಇದ್ದರು, ಹಾಗಾಗಿ ಆ ಉಪವಾಸ ಸರಿ. ಇಮಾಮ್ ಹುಸೇನರು ಕರ್ಬಲಾದಲ್ಲಿ ಮಡಿದದ್ದು ಕ್ರಿ.ಶ. 680ರಲ್ಲಿ, ಪೈಗಂಬರರು ತೀರಿಕೊಂಡು ಸುಮಾರು ಐವತ್ತು ವರ್ಷದ ಮೇಲೆ. ಆ ದುಃಖದ ನೆನಪಿಗೆ ಪಂಜಾ ಕೂಡಿಸುವುದು, ಬೆಂಕಿ ಹಾಯುವುದು, ಹರಕೆ ಹೊರುವುದು ಎಲ್ಲ ಆಮೇಲಿನವರು ಸೇರಿಸಿದ್ದು. ಇದು ಹುಡುಗನ ವಾದ.

ನಾನು ಅಂದುಕೊಂಡಿದ್ದೆ, ಇದು ಈಚೆಗೆ ಎಲ್ಲಿಂದಲೋ ಬಂದ ಗಾಳಿ ಅಂತ. ಮೇಷ್ಟ್ರು ನಕ್ಕು, “ಈ ಜಗಳ ನಿಮ್ಮೂರ ಚಾವಡಿಗಿಂತ ಹಳೇದು” ಅಂದರು. ಎರಡನೇ ಖಲೀಫರಾದ ಉಮರ್ ಅವರ ಕಾಲದಲ್ಲಿ ರಂಜಾನ್ ರಾತ್ರಿಗಳಲ್ಲಿ ಜನ ಮಸೀದಿಯಲ್ಲಿ ಬೇರೆ ಬೇರೆಯಾಗಿ ನಮಾಜು ಮಾಡುತ್ತಿದ್ದರಂತೆ. ಉಮರ್ ಎಲ್ಲರನ್ನೂ ಒಬ್ಬ ಇಮಾಮರ ಹಿಂದೆ ನಿಲ್ಲಿಸಿದರು, ಇದು ಒಳ್ಳೆಯ ಬಿದ್‌ಅತ್ ಅಂತಲೂ ಅಂದರು. ಇದನ್ನೇ ಹಿಡಿದು ಕೆಲವರು, ಹೊಸದರಲ್ಲೂ ಒಳ್ಳೆಯದು ಕೆಟ್ಟದ್ದು ಎರಡಿದೆ ಅನ್ನುತ್ತಾರೆ. 1262ರಲ್ಲಿ ತೀರಿಕೊಂಡ ಇಜ್ಜುದ್ದೀನ್ ಎಂಬ ವಿದ್ವಾಂಸರು ಬಿದ್‌ಅತ್ತನ್ನು ಐದು ಬಗೆ ಮಾಡಿದರು, ಮಾಡಲೇಬೇಕಾದದ್ದರಿಂದ ಹಿಡಿದು ಮಾಡಲೇಬಾರದ್ದರವರೆಗೆ. ಇನ್ನೊಂದು ಪಕ್ಷದವರು ಒಪ್ಪುವುದಿಲ್ಲ. ಆ ನಮಾಜನ್ನು ಪೈಗಂಬರರೇ ಕೆಲವು ರಾತ್ರಿ ಮಾಡಿಸಿದ್ದರು, ಹಾಗಿರುವಾಗ ಅದು ಹೊಸದು ಹೇಗಾಯಿತು ಅನ್ನುತ್ತಾರೆ.

ಪೈಗಂಬರರ ಹುಟ್ಟುಹಬ್ಬದ ಕಥೆಯೂ ಹೀಗೇ. ಈಗಿನ ಇರಾಕಿನ ಇರ್ಬಿಲ್‌ನಲ್ಲಿ 13ನೇ ಶತಮಾನದ ಮೊದಲಲ್ಲಿ ಅದನ್ನು ಬಹಳ ದೊಡ್ಡದಾಗಿ ಮಾಡುತ್ತಿದ್ದರು. 1328ರಲ್ಲಿ ತೀರಿಕೊಂಡ ಇಬ್ನ್ ತೈಮಿಯಾ ಇದು ಮೊದಲಿನವರು ಮಾಡಿದ್ದಲ್ಲ ಅಂದರು. 1505ರಲ್ಲಿ ತೀರಿಕೊಂಡ ಈಜಿಪ್ಟಿನ ಸುಯೂತಿ ಇದು ಒಳ್ಳೆಯದೇ ಅಂತ ಪುಸ್ತಕ ಬರೆದರು. ನಮ್ಮ ದೇಶದಲ್ಲಿ 1990ರಲ್ಲಿ ಕೇಂದ್ರ ಸರ್ಕಾರ ಆ ದಿನಕ್ಕೆ ರಜೆ ಕೊಟ್ಟಿತು. ಆದರೂ ಮಸೀದಿಯಿಂದ ಮಸೀದಿಗೆ ಅಭಿಪ್ರಾಯ ಬೇರೆ.

ನನಗೆ ಅಚ್ಚರಿ ಆದದ್ದು ಇನ್ನೊಂದು. ಬರೇಲಿಯ ಅಹಮದ್ ರಜಾ ಖಾನ್ (1856–1921) ಉರುಸು, ಹುಟ್ಟುಹಬ್ಬಗಳ ಪರ ನಿಂತವರು. ಅವರೂ ಮೊಹರಂ ತಾಜಿಯಾ ಮೆರವಣಿಗೆಯನ್ನು ಒಪ್ಪಲಿಲ್ಲವಂತೆ. ಅಂದಮೇಲೆ ಆ ಹುಡುಗ ಯಾವುದೋ ಒಂದು ಗುಂಪಿನ ಮಾತು ಆಡುತ್ತಿದ್ದಾನೆ ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ.

ನಾನೇ ಸೇರಿಸಿದ ನುಡಿ

ಮೇಷ್ಟ್ರ ಮನೆಯಿಂದ ಬರುವಾಗ ನನ್ನದೇ ಒಂದು ಸಂಗತಿ ನೆನಪಾಯಿತು. 1992ರ ಹಬ್ಬದಲ್ಲಿ ಮಳೆ ಕೈಕೊಟ್ಟಿತ್ತು. ಆಗ ನನಗೆ ಇಪ್ಪತ್ತು ದಾಟಿದ ವಯಸ್ಸು, ಪದ ಕಟ್ಟುವ ಹುಚ್ಚು. ಕರ್ಬಲಾದಲ್ಲಿ ಮಕ್ಕಳು ನೀರಿಲ್ಲದೆ ಬಾಯಾರಿದ್ದನ್ನು ನಮ್ಮ ಬತ್ತಿದ ಬಾವಿಗೆ ಹೋಲಿಸಿ ಎರಡು ನುಡಿ ಕಟ್ಟಿ ಹಾಡಿದೆ. ಮೇಳದ ಹಿರಿಯರು ತಮಟೆ ನಿಲ್ಲಿಸಿಬಿಟ್ಟರು. “ಹಿರೇರು ಹಾಡದ್ದನ್ನ ಹಾಡಬ್ಯಾಡ. ಇವತ್ತು ನೀನು ಒಂದು ನುಡಿ, ನಾಳೆ ಇನ್ನೊಬ್ಬ ಒಂದು ನುಡಿ, ಹಾಡು ಉಳಿಯೋದು ಹೆಂಗೆ?” ಅಂತ ಬೈದರು. ನಾನು ಸಿಟ್ಟಿನಿಂದ ಮನೆಗೆ ಬಂದೆ. ಮುಂದಿನ ವರ್ಷ ಹುಡುಗರ ಗುಂಪು ಕಟ್ಟಿ ಅದನ್ನೇ ಹಾಡಿಸಿದೆ. ಆ ಹಿರಿಯರು ಈಗಿಲ್ಲ. ಆ ನುಡಿಗಳನ್ನು ಇವತ್ತಿನ ಮಕ್ಕಳು “ತಾತನ ಕಾಲದ ಪದ” ಅಂತ ಹಾಡುತ್ತಾರೆ!

ಇದನ್ನು ಹುಡುಗನಿಗೆ ಹೇಳಿದೆ, ಅವನು ಕರಗಲಿ ಅಂತ. ಅವನು ಸುಮ್ಮನೆ ಕೇಳಿ, “ನನ್ನ ಹೆದರಿಕೆ ಇದೇ ಮಾಮ. ನೀವು ಸೇರಿಸಿದ್ದು ಒಂದೇ ಸುತ್ತಿನಲ್ಲಿ ತಾತನ ಕಾಲದ್ದಾಯ್ತು. ಹಾಡಿನಲ್ಲಿ ಆದರೆ ಪರವಾಗಿಲ್ಲ. ದೀನಿನಲ್ಲಿ ಹೀಗಾದರೆ ಮೂಲ ಯಾವುದು ಅಂತ ನನ್ನ ಮಕ್ಕಳಿಗೆ ಹೇಗೆ ಗೊತ್ತಾಗ್ಬೇಕು?” ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಎರಡು ನುಡಿ ಇಲ್ಲದಿದ್ದರೆ ಕರ್ಬಲಾದ ಬಾಯಾರಿಕೆ ನಮ್ಮೂರಿಗೆ ತಟ್ಟುತ್ತಿರಲಿಲ್ಲ ಅನ್ನೋದೂ ನಿಜ.

ಎರಡು ಎಕರೆ ಹೊಲ

ಸುದ್ದಿ ಊರಲ್ಲಿ ಹಬ್ಬಿತು. ಪೀರುಗಳ ಸೇವೆಗೆ ಅಂತ ಹಿಂದಿನವರು ಬಿಟ್ಟ ಎರಡು ಎಕರೆ ಖುಷ್ಕಿ ಹೊಲ ಮುಜಾವರನ ಮನೆಯವರ ಸಾಗುವಳಿಯಲ್ಲಿದೆ. “ಪೀರು ಎತ್ತದವನಿಗೆ ಹೊಲ ಯಾಕೆ?” ಅಂತ ಕಟ್ಟೆಯ ಮೇಲೆ ಮಾತು ಶುರುವಾಯಿತು. ಇನ್ನೊಬ್ಬ, “ನಮ್ಮ ಹಬ್ಬಾನ ಅವಮಾನ ಮಾಡ್ತಾನೆ” ಅಂದ. ನಾಲ್ಕು ಜನ ಸೇರಿ ಹುಡುಗನನ್ನು ಕರೆಸಿದರು. ನಾನೂ ಇದ್ದೆ.

ಅವನು ದನಿ ಏರಿಸಲಿಲ್ಲ. “ಹೊಲ ಅಪ್ಪನ ಕಾಲಕ್ಕೆ ಅಪ್ಪನ ಹತ್ತಿರ ಇರಲಿ. ಆಮೇಲೆ ನನಗೆ ಬ್ಯಾಡ, ಯಾರು ಎತ್ತುತ್ತಾರೋ ಅವರಿಗೆ ಕೊಡಿ. ನಂಬಿಕೆ ಇಲ್ಲದೆ ನಾನು ಎತ್ತಿದರೆ ನಿಮಗೂ ಮೋಸ, ನನಗೂ ಮೋಸ” ಅಂದ. ಕಟ್ಟೆ ತಣ್ಣಗಾಯಿತು. ಬಾಯಿಮಾತಿಗೆ ಹಟ ಮಾಡುವವರು ಬಹಳ ಜನ. ಎರಡು ಎಕರೆ ಬಿಟ್ಟು ಮಾತು ಆಡುವವನನ್ನು ಅವಮಾನ ಮಾಡಿದ ಅನ್ನೋದು ಹೇಗೆ? ಇದನ್ನು ನಾನು ಅಲ್ಲೇ ಹೇಳಿದೆ. ಕೆಲವರಿಗೆ ನನ್ನ ಮೇಲೂ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ಹೊರಗೆ ಬಂದ ಮೇಲೆ ಅವನು ನನ್ನಲ್ಲಿ ಒಂದೇ ಒಂದು ಕೇಳಿದ. “ಮಾಮ, ಹಾಡಿನಲ್ಲಿ ಹುಸೇನರನ್ನ ದೇವರು ಅಂತೀರಿ. ಅವರು ದೇವರಲ್ಲ, ದೇವರಿಗಾಗಿ ತಲೆ ಕೊಟ್ಟವರು.” ಆ ರಾತ್ರಿ ಕೂತು ಎಣಿಸಿದೆ. ‘ದೇವರು’ ಅಂದರೆ ನಾಲ್ಕು ಮಾತ್ರೆ, ‘ಶರಣರು’ ಅಂದರೂ ನಾಲ್ಕೇ. ತೆಲುಗಿನಲ್ಲಿ ‘ದೇವುಡು’ ಇದ್ದ ಕಡೆ ‘ಧೀರುಡು’ ಕೂರುತ್ತದೆ. ತಾಳ ತಪ್ಪುವುದಿಲ್ಲ.

ಜುಲೈ 5, ಕತಲ್ ರಾತ್ರಿ. ಸೌದೆ ಎಂದಿನ ಹಾಗೆ ನಮ್ಮ ಮನೆಯಿಂದ ಹೋಯಿತು. ನಾನು ಹೊಸ ಶಬ್ದ ಇಟ್ಟು ಹಾಡಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು, “ನಿನ್ನ ಬಾಯಲ್ಲಿ ಶರಣ ಆದ್ರೆ ಆಗ್ಲಿ, ನನ್ನ ಕೂಸು ಉಳಿಸಿದವನು ನನಗೆ ದೇವ್ರೇ” ಅಂತ ಹಳೆಯ ಶಬ್ದವನ್ನೇ ಗಟ್ಟಿಯಾಗಿ ಹಾಡಿದಳು. ಅವಳನ್ನು ತಿದ್ದುವ ಹಕ್ಕು ನನಗಿಲ್ಲ. ಮೇಳದಲ್ಲಿ ಅರ್ಧ ಜನ ಅದು, ಅರ್ಧ ಜನ ಇದು ಹಾಡಿದರು. ಪೀರನ್ನು ಅಪ್ಪನೇ ಎತ್ತಿದ, ಎರಡು ಕಡೆ ಇಬ್ಬರು ಹಿಡಿದುಕೊಂಡರು.

ಮಗ ಚಾವಡಿಗೆ ಬರಲಿಲ್ಲ. ಒಂಬತ್ತು, ಹತ್ತು ಎರಡೂ ದಿನ ಉಪವಾಸ ಇದ್ದ. ಹತ್ತನೇ ದಿನ ಪೀರುಗಳು ಹೊಳೆಗೆ ಹೋದ ಮೇಲೆ, ಹೊತ್ತು ಮುಳುಗುವಾಗ ನಾನು ಅವನ ಮನೆಗೆ ಹೋದೆ. ಜಗುಲಿಯ ಮೇಲೆ ಅಪ್ಪ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಮಗ ಖರ್ಜೂರ ಬಾಯಿಗೆ ಹಾಕಿಕೊಂಡು ನನಗೂ ಒಂದು ಕೊಟ್ಟ. ಅಪ್ಪ ಮಗ ಆ ಹತ್ತು ದಿನ ಹೆಚ್ಚು ಮಾತಾಡಿರಲಿಲ್ಲ. “ಬೆಂಕಿ ಕಾಲಿಗೆ ತಾಗಲಿಲ್ಲ ತಾನೇ ಅಬ್ಬಾ?” ಅಂತ ಮಗ ಕೇಳಿದ. “ಇಲ್ಲ” ಅಂದ ಅಪ್ಪ.

ಮುಂದೆ ಪೀರು ಎತ್ತುವವರು ಯಾರು ಅಂತ ನಮ್ಮೂರಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಯಾವುದು ಬಿದ್‌ಅತ್, ಯಾವುದು ಅಲ್ಲ ಅನ್ನೋದನ್ನು ಆ ಮತದವರು ಓದಿಕೊಂಡು, ವಾದ ಮಾಡಿಕೊಂಡು ತೀರ್ಮಾನ ಮಾಡಲಿ. ಕಟ್ಟೆಯ ಮೇಲೆ ಕೂತು ಹೊಲದ ಬೆದರಿಕೆ ಹಾಕಿ ನಾವು ತೀರಿಸುವಂಥದ್ದಲ್ಲ ಅದು. ನಮ್ಮ ಪಾಲಿನ ಸೌದೆ ಕೇಳಿದವರಿಗೆ ಕೊಡುತ್ತೇವೆ. ನನ್ನ ಮೋಟಾರು ಸುಟ್ಟರೆ ಆ ಹುಡುಗನನ್ನೇ ಕರೆಯುತ್ತೇನೆ.