ಮರಳಿ ಮರಳಿ ವಿಚಾರಿಸುವ ಚಿಕಿತ್ಸೆ

ಭಟ್ಕಳ, ಹೊನ್ನಾವರ, ಕುಮಟಾ ಪರಿಸರದ ಯಾವ ಮನೆಯೇ ಆಗಲಿ, ತನ್ನ ದೇಹಕ್ಕೆ ತಾನೇ ಘಾಸಿ ಮಾಡಿಕೊಂಡ ಮಗನೋ ಸೊಸೆಯೋ ಆಸ್ಪತ್ರೆಯಿಂದ ಮರಳಿದರೆ ಹಿರಿಯರ ಮೊದಲ ಚಿಂತೆ ಊರಿಗೆ ತಿಳಿಯಬಾರದೆಂಬುದು. ಈ ಮೌನವು ನೋವನ್ನು ಮುಚ್ಚುತ್ತದೆ, ಮಾಯಿಸುವುದಿಲ್ಲ.

ಹಾಗಾದರೆ ಮಾತು ಮಾಯಿಸಬಲ್ಲುದೇ? ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿತು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ 1,867 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದಕ್ಕೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರೊಡನೆ ಒಂದು ಗಂಟೆಯ ಆಪ್ತ ಸಂವಾದ, ಬಳಿಕ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನಿನಲ್ಲಿಯೋ ಭೇಟಿಯಾಗಿಯೋ ಯೋಗಕ್ಷೇಮದ ವಿಚಾರಣೆ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆತ್ಮಹತ್ಯೆಯಿಂದ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇಕಡಾ 2.2, ಎರಡನೆಯದರಲ್ಲಿ ಶೇಕಡಾ 0.2 ಮಾತ್ರ. ಆದರೆ ಮರುಯತ್ನಗಳ ಪ್ರಮಾಣ ಒಟ್ಟಾರೆ ಇಳಿಯಲಿಲ್ಲ. ಆದುದರಿಂದ ವಿಚಾರಣೆಯು ವೈದ್ಯರ ಆರೈಕೆಗೆ ಬದಲಲ್ಲ, ಅದರ ಜೊತೆಗಾರ.

ಪೊಲೀಸ್ ಕೇಸಿನ ಅಂಜಿಕೆಯಿಂದ ಚಿಕಿತ್ಸೆಯನ್ನು ತಡಮಾಡಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಭಾವಿಸಿ ಶಿಕ್ಷೆಯಿಂದ ಹೊರಗಿಟ್ಟಿದೆ. ಘಟ್ಟದ ಮೇಲೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416, ಹಗಲಿರುಳೂ ಕನ್ನಡದಲ್ಲಿ ದೊರೆಯುತ್ತದೆ.

ಹಿರಿಯರೇ, ತಾಯಂದಿರೇ, 'ಏಕೆ ಹೀಗೆ ಮಾಡಿಕೊಂಡೆ' ಎಂದು ಗದರಬೇಡಿ. 'ಈಗ ಹೇಗಿದ್ದೀಯಪ್ಪಾ' ಎಂದು ಕೇಳಿ. ಒಮ್ಮೆ ಕೇಳಿ ಸುಮ್ಮನಾಗದೆ, ಮರುತಿಂಗಳೂ ಕೇಳಿ.