ಕೃಶಕಾಯದಲ್ಲಿ ಅಡಗಿರುವ ಬೊಜ್ಜು

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಸೋಮಾರಿಗಳು ವಿರಳ. ಬೆಳಗಿನ ಜಾವ ಎದ್ದು, ಡಬ್ಬಿ ಕಟ್ಟಿಕೊಂಡು, ಸ್ಟೇಷನ್ನಿನವರೆಗೆ ದಾಪುಗಾಲಿಡುತ್ತ ನಡೆದು, ಸೇತುವೆಯ ಮೆಟ್ಟಿಲು ಹತ್ತಿಳಿದು, ಲೋಕಲ್ ಗಾಡಿಯಲ್ಲಿ ನಿಂತೇ ಪಯಣಿಸಿ ಕಚೇರಿ ಸೇರುವವರೇ ಹೆಚ್ಚು. ಇವರಲ್ಲಿ ಅನೇಕರ ತೋಳು ತೆಳು, ಮುಖ ತೆಳು, ತೂಕವೂ ಮಿತವಾದುದೇ. ಆದರೂ ಹೊಟ್ಟೆಯ ಭಾಗ ಮಾತ್ರ ಮುಂದಕ್ಕೆ ಬಂದಿರುತ್ತದೆ. ಅದನ್ನು ಕರಗಿಸಲೆಂದು ಕೆಲವರು ರಾತ್ರಿಯ ಊಟ ಬಿಡುತ್ತಾರೆ, ಇನ್ನು ಕೆಲವರು ನಡಿಗೆಯನ್ನು ಇಮ್ಮಡಿಗೊಳಿಸುತ್ತಾರೆ. ಕೆನ್ನೆ ಒಳಸೇರುತ್ತದೆ, ಕಾಲು ಸೊರಗುತ್ತದೆ. ಹೊಟ್ಟೆ ಇದ್ದಲ್ಲಿಯೇ ಇರುತ್ತದೆ.

ಇದಕ್ಕೆ ಕಾರಣ ಸಂಕಲ್ಪದ ಕೊರತೆಯಲ್ಲ. ಇಂತಹ ದೇಹದಲ್ಲಿ ತೊಂದರೆಯಿರುವುದು ಹೆಚ್ಚಿದ ತೂಕದಲ್ಲಲ್ಲ. ಮಾಂಸಖಂಡ ಕಡಿಮೆಯಾಗಿ, ಕೊಬ್ಬು ಸಲ್ಲದ ಸ್ಥಳದಲ್ಲಿ ಶೇಖರವಾಗಿರುವುದರಲ್ಲಿ. ಆದುದರಿಂದ ಸ್ಥೂಲಕಾಯರಿಗೆ ಹೇಳುವ ಉಪಾಯವನ್ನೇ ಕೃಶಕಾಯರು ಅನುಸರಿಸಿದರೆ ಫಲ ದೊರೆಯುವುದಿಲ್ಲ.

ಪುಣೆಯಿಂದ ಬಂದ ಪಾಠ

ಈ ವಿಷಯವನ್ನು ಲೋಕದ ಗಮನಕ್ಕೆ ತಂದವರಲ್ಲಿ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಪ್ರಮುಖರು. 2004ರಲ್ಲಿ ಅವರು ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ದೇಹಗಳ ಹೋಲಿಕೆಯನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿ.ಎಂ.ಐ. ಇಬ್ಬರಲ್ಲಿಯೂ ಒಂದೇ, 22.3. ಆದರೆ ದೇಹದಲ್ಲಿದ್ದ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ಇಬ್ಬರು ವ್ಯಕ್ತಿಗಳ ಹೋಲಿಕೆಯಿಂದ ಯಾವ ಸಿದ್ಧಾಂತವೂ ಸ್ಥಾಪನೆಯಾಗದು, ನಿಜ. ಆದರೆ ತಕ್ಕಡಿ ಮುಚ್ಚಿಡುವ ಸಂಗತಿಗೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯುವುದು ಕಷ್ಟ.

ಪುಣೆಯ ಸಮೀಪದ ಹಳ್ಳಿಗಳಲ್ಲಿ ಜನಿಸಿದ ಶಿಶುಗಳನ್ನು ಇದೇ ತಂಡ ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶಿಶುಗಳೊಡನೆ ಹೋಲಿಸಿತು. ಪುಣೆಯ ಕೂಸುಗಳ ಸರಾಸರಿ ತೂಕ 2.7 ಕಿಲೋ; ಸೌತಾಂಪ್ಟನ್ನಿನವುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡವೂ ಒಳಾಂಗಗಳೂ ಬಡವಾಗಿದ್ದವು. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ತೆಳುವಾಗಿ ಕಾಣುವ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚಾಗಿರುವ ಈ ಪ್ರವೃತ್ತಿ ಹುಟ್ಟಿನಿಂದಲೇ ಬರಬಹುದೆಂಬುದು ಇದರಿಂದ ತಿಳಿದುಬಂದಿತು.

ಎರಡು ಬಗೆಯ ಕೊಬ್ಬು

ಹೊಟ್ಟೆಯ ಕೊಬ್ಬಿನಲ್ಲಿ ಎರಡು ವಿಧಗಳುಂಟು. ಚರ್ಮದ ಅಡಿಯಲ್ಲಿದ್ದು, ಬೆರಳುಗಳಿಂದ ಮಡಿಕೆಯಾಗಿ ಹಿಡಿಯಬಹುದಾದುದು ಒಂದು. ಹೊಟ್ಟೆಯ ಸ್ನಾಯುಗಳ ಒಳಗೆ, ಕರುಳು ಮುಂತಾದ ಅಂಗಗಳ ಸುತ್ತ ಶೇಖರವಾಗುವುದು ಇನ್ನೊಂದು. ಎರಡನೆಯದೇ ಅಪಾಯಕಾರಿ. ಇದರಿಂದ ಹೊರಡುವ ಕೊಬ್ಬಿನ ಅಂಶಗಳು ನೇರವಾಗಿ ಯಕೃತ್ತನ್ನು ಸೇರಿ, ಇನ್ಸುಲಿನ್ನಿನ ಕಾರ್ಯವನ್ನು ಮಂದಗೊಳಿಸುತ್ತವೆ. ಕ್ರಮೇಣ ಮಧುಮೇಹ, ರಕ್ತದೊತ್ತಡ ಮತ್ತು ಹೃದ್ರೋಗಗಳಿಗೆ ಹಾದಿಯಾಗುತ್ತದೆ. ಕೊಬ್ಬು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯವೆಂದು ಫ್ರಾನ್ಸಿನ ವೈದ್ಯ ಜ್ಯಾಂ ವಾಗ್ 1947ರಲ್ಲಿಯೇ ತೋರಿಸಿದ್ದರು.

ವ್ಯಾಯಾಮ ಮತ್ತು ಆಹಾರ ಕ್ರಮಕ್ಕೆ ಮೊದಲು ಮಣಿಯುವುದು ಸಾಮಾನ್ಯವಾಗಿ ಈ ಒಳಗಿನ ಕೊಬ್ಬೇ. ಹೊಕ್ಕುಳ ಕೆಳಗಿನ ಚರ್ಮದಡಿಯ ಕೊಬ್ಬಿನ ಕಣಗಳಾದರೋ ದೇಹದ ಕರೆಗೆ ನಿಧಾನವಾಗಿ ಓಗೊಡುತ್ತವೆ. ಅಂದರೆ ಹಾನಿ ಮಾಡುವುದು ಮೊದಲು ಹೋಗುತ್ತದೆ, ಕನ್ನಡಿಯಲ್ಲಿ ಕಾಣುವುದು ಕೊನೆಗೆ ಹೋಗುತ್ತದೆ. ಮೂರು ತಿಂಗಳ ಶ್ರಮದ ಬಳಿಕವೂ ಮಡಿಕೆ ಉಳಿದಿದೆಯೆಂದು ನಿರಾಶರಾಗುವವರು ಈ ಮಾತನ್ನು ನೆನಪಿಡಬೇಕು.

ಅಳೆಯುವ ಕ್ರಮ

ಇದನ್ನು ಅರಿಯಲು ತಕ್ಕಡಿಗಿಂತ ದರ್ಜಿಯ ಟೇಪು ಉಪಯುಕ್ತ. ಪ್ಯಾಂಟಿನ ಅಳತೆಯನ್ನು ನಂಬಬಾರದು. ಹೊಟ್ಟೆ ಬೆಳೆದಂತೆ ಪ್ಯಾಂಟು ಅದರ ಕೆಳಗೆ ಜಾರುವುದರಿಂದ ಅಳತೆ ಹಳೆಯದೇ ಉಳಿಯುತ್ತದೆ. ನೆಟ್ಟಗೆ ನಿಂತು, ಉಸಿರನ್ನು ಸಹಜವಾಗಿ ಹೊರಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪನ್ನು ಸುತ್ತಬೇಕು. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡರೆ ಮೋಸ ಹೋಗುವವರು ತಾವೇ. ಭಾರತೀಯ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ತಲುಪಿದರೆ ಎಚ್ಚರ ವಹಿಸಬೇಕು. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕೆಂಬುದು ಮತ್ತೊಂದು ಸುಲಭ ಸೂತ್ರ. 160 ಸೆಂಟಿಮೀಟರ್ ಎತ್ತರದವರ ಹೊಟ್ಟೆ 80ರ ಒಳಗಿರಬೇಕು.

ಹೊಟ್ಟೆ ಮುಂದಕ್ಕೆ ಬರುವುದಕ್ಕೆ ಕೊಬ್ಬೊಂದೇ ಕಾರಣವಲ್ಲ. ಬೆಳಿಗ್ಗೆ ಸಮತಟ್ಟಾಗಿದ್ದು, ಸಂಜೆಗೆ ಉಬ್ಬುವ ಹೊಟ್ಟೆಯಲ್ಲಿ ಬಹುತೇಕ ವಾಯು ತುಂಬಿರುತ್ತದೆ. ಹೆರಿಗೆಯ ನಂತರ ಹೊಟ್ಟೆಯ ನಡುಸ್ನಾಯುಗಳು ಅಗಲಿ, ತೆಳ್ಳಗಿನ ತಾಯಂದಿರಿಗೂ ಹೊಟ್ಟೆ ಉಳಿಯಬಹುದು. ಅಂತಹವರು ಹೊಟ್ಟೆಗೆ ಒತ್ತಡ ಬೀಳುವ ವ್ಯಾಯಾಮಗಳನ್ನು ಆರಂಭಿಸುವ ಮೊದಲು ವೈದ್ಯರನ್ನಾಗಲಿ ಫಿಸಿಯೋಥೆರಪಿ ತಜ್ಞರನ್ನಾಗಲಿ ಕಾಣುವುದು ಲೇಸು. ಮೈ ಸೊರಗುತ್ತ ಹೊಟ್ಟೆ ಮಾತ್ರ ಬೆಳೆಯುತ್ತಿದ್ದರೆ, ಕಾಲು ಊದಿದರೆ, ಕಣ್ಣು ಹಳದಿಯಾದರೆ ಅಥವಾ ಸ್ವಲ್ಪ ತಿಂದೊಡನೆ ಹೊಟ್ಟೆ ಬಿಗಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಒಂದೇ ಕಡೆ ಕರಗಿಸುವ ಭ್ರಮೆ

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆಂಬ ನಂಬಿಕೆ ಬಹು ಹಳೆಯದು. ಟೆನಿಸ್ ಆಟಗಾರರು ವರ್ಷಗಟ್ಟಲೆ ಒಂದೇ ಕೈಯನ್ನು ಹೆಚ್ಚಾಗಿ ದುಡಿಸುವುದರಿಂದ, 1971ರಲ್ಲಿ ಅಮೆರಿಕದ ವೈದ್ಯರು ಅವರ ಎರಡೂ ತೋಳುಗಳನ್ನು ಅಳೆದು ನೋಡಿದರು. ಆಡುವ ತೋಳಿನ ಮಾಂಸಖಂಡ ದಪ್ಪಗಿತ್ತು. ಚರ್ಮದಡಿಯ ಕೊಬ್ಬು ಮಾತ್ರ ಎರಡೂ ತೋಳುಗಳಲ್ಲಿ ಸಮಾನವಾಗಿತ್ತು. 1984ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಭಾಗವಹಿಸಿದವರು 27 ದಿನಗಳಲ್ಲಿ ಮಲಗಿ ಏಳುವ ವ್ಯಾಯಾಮವನ್ನು ಸುಮಾರು 5000 ಬಾರಿ ಮಾಡಿದರು. ಕೊಬ್ಬಿನ ಕಣಗಳು ಹೊಟ್ಟೆಯಲ್ಲಿ ಕುಗ್ಗಿದಷ್ಟೇ ಬೆನ್ನಿನಲ್ಲಿಯೂ ಪೃಷ್ಠದಲ್ಲಿಯೂ ಕುಗ್ಗಿದ್ದವು. ದೇಹವು ಕೊಬ್ಬನ್ನು ಇಡೀ ಭಂಡಾರದಿಂದ ತೆಗೆಯುತ್ತದೆ. ದುಡಿಯುವ ಅಂಗದ ಪಕ್ಕದಿಂದಷ್ಟೇ ತೆಗೆಯುವುದಿಲ್ಲ.

ಹೊಟ್ಟೆಗೆ ಕಟ್ಟುವ ನಡುಗುವ ಪಟ್ಟಿ, ಬೆವರಿಳಿಸುವ ಪಟ್ಟಿಗಳಿಂದ ಹೋಗುವುದು ನೀರು ಮತ್ತು ಹಣ. ಶಸ್ತ್ರಕ್ರಿಯೆಯಿಂದ ಕೊಬ್ಬನ್ನು ಹೀರಿ ತೆಗೆಸಿದರೆ ಆಕಾರ ಬದಲಾದೀತು. ಆದರೆ ತೆಗೆಯುವುದು ಚರ್ಮದಡಿಯ ಕೊಬ್ಬನ್ನು. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಥೂಲಕಾಯದ ಸ್ತ್ರೀಯರಿಂದ ಹಲವು ಕಿಲೋ ಕೊಬ್ಬನ್ನು ಹೀಗೆ ತೆಗೆದರೂ ಇನ್ಸುಲಿನ್ನಿನ ಕಾರ್ಯ ಸುಧಾರಿಸಲಿಲ್ಲ.

ಉಪವಾಸವಲ್ಲ, ತಟ್ಟೆಯ ತಿದ್ದುಪಡಿ

ತೆಳ್ಳಗಿರುವವರು ಊಟವನ್ನು ತೀವ್ರವಾಗಿ ಕಡಿತಗೊಳಿಸಿದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಈ ಮಾಂಸಖಂಡವೇ. ಉಗ್ರಾಣವೇ ಕಿರಿದಾದರೆ ಬಂದ ಸರಕನ್ನು ಇಡುವುದೆಲ್ಲಿ? ಉಪವಾಸ ಬಿಟ್ಟೊಡನೆ ತೂಕ ಮರಳಿ ಬಂದಾಗ ಅದರಲ್ಲಿ ಕೊಬ್ಬಿನ ಪಾಲೇ ಹೆಚ್ಚಾಗಿರುವುದುಂಟು.

ಆದುದರಿಂದ ಊಟವನ್ನು ಬಿಡುವುದಕ್ಕಿಂತ ಬದಲಿಸುವುದು ಮೇಲು. ನಮ್ಮ ತಟ್ಟೆಯಲ್ಲಿ ಅನ್ನದ ರಾಶಿ ದೊಡ್ಡದು, ಸಸಾರಜನಕದ ಭಾಗ ಚಿಕ್ಕದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಸಸಾರಜನಕ ಬೇಕು. 30 ಗ್ರಾಂ ಒಣಬೇಳೆಯಲ್ಲಿ ದೊರೆಯುವುದು 6–7 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಬೇಳೆ ತಳದಲ್ಲಿ ಉಳಿದ ತಿಳಿಸಾರಿನಲ್ಲಿ ಅದು ಅತ್ಯಲ್ಪ. ಹೆಸರುಬೇಳೆಯ ಕೋಸಂಬರಿ, ಮೊಳಕೆ ಹುರುಳಿ, ಅವರೆಕಾಳು, ಕಡಲೆಕಾಳಿನ ಉಸಲಿ, ಮೊಸರು ಮುಂತಾದವು ತಟ್ಟೆಯ ಮೂಲೆಯಿಂದ ಮಧ್ಯಕ್ಕೆ ಬರಬೇಕು; ಅನ್ನ ಆ ಮಟ್ಟಿಗೆ ಹಿಂದೆ ಸರಿಯಬೇಕು. ಮಾಂಸಾಹಾರಿಗಳಿಗೆ ಮೀನು, ಮೊಟ್ಟೆಗಳುಂಟು. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಸಸಾರಜನಕವನ್ನು ಹೆಚ್ಚಿಸಬೇಕು.

ಕಚೇರಿಯ ಚಹಾ ಲೆಕ್ಕಕ್ಕೆ ಬಾರದ ಊಟ. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೂ, ನಾಲ್ಕು ಲೋಟಗಳಲ್ಲಿ 35–40 ಗ್ರಾಂ ಆಗುತ್ತದೆ. ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ಚಹಾದೊಡನೆ ಬಿಸ್ಕತ್ತು, ಸಂಜೆ ಸ್ಟೇಷನ್ನಿನ ವಡಾಪಾವ್, ವಾರಾಂತ್ಯದ ಮದ್ಯ ಇವೂ ಹೊಟ್ಟೆಗೇ ಸೇರುತ್ತವೆ.

ದಂಡ ಮತ್ತು ಬಸ್ಕಿ

ದಿನವೂ ನಡೆಯುವ ದಾರಿಗೆ ದೇಹ ಒಗ್ಗಿಹೋಗುತ್ತದೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬಾರದು. ಆದರೆ ಮಾಂಸಖಂಡ ಬೆಳೆಯುವುದು ಅದಕ್ಕೆ ಹಿಂದಿಗಿಂತ ಹೆಚ್ಚಿನ ಭಾರ ಬಿದ್ದಾಗ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿತು. ನಮ್ಮ ಗರಡಿಮನೆಗಳ ದಂಡ ಮತ್ತು ಬಸ್ಕಿಗಳು ಇದಕ್ಕೆ ತಕ್ಕವು. ಒಂದು ಚಾಪೆಯಷ್ಟು ಸ್ಥಳವಿದ್ದರೆ ಸಾಕು. ನೆಲದ ಮೇಲೆ ದಂಡ ಹೊಡೆಯಲಾಗದವರು ಗೋಡೆಗೆ ಕೈಯೂರಿ ಆರಂಭಿಸಬಹುದು. ಮಂಡಿನೋವಿರುವವರು ಕುರ್ಚಿಯ ಮೇಲೆ ಕುಳಿತು ಏಳಬಹುದು. ಎಂಟು ಹತ್ತು ಬಾರಿಯಿಂದ ತೊಡಗಿ, ಸುಲಭವೆನಿಸಿದಾಗ ಸಂಖ್ಯೆಯನ್ನೂ, ನೀರಿನ ಬಾಟಲಿ ಹಿಡಿದು ಭಾರವನ್ನೂ ಹೆಚ್ಚಿಸಬೇಕು. ಹೃದ್ರೋಗ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು.

ನಿದ್ರೆಯ ಸಾಲ

ದೂರದ ಉಪನಗರಗಳಲ್ಲಿರುವವರು ಪ್ರಯಾಣದ ವೇಳೆಯನ್ನು ಕಡ ತರುವುದು ನಿದ್ರೆಯಿಂದ. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಮಂದಿ ಆರೋಗ್ಯವಂತರು ಪಾಲ್ಗೊಂಡಿದ್ದರು; ಯಾರೂ ಸ್ಥೂಲಕಾಯರಲ್ಲ. ಎರಡು ವಾರ ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ, ಒಂಬತ್ತು ಗಂಟೆ ಮಲಗಿದಾಗಿನದಕ್ಕೆ ಹೋಲಿಸಿದರೆ, ಅವರ ಹೊಟ್ಟೆಯೊಳಗಿನ ಕೊಬ್ಬು ಸುಮಾರು ಶೇಕಡಾ 11ರಷ್ಟು ಹೆಚ್ಚಿತು. ಬೆಳಗಿನ ನಿದ್ರೆಯನ್ನು ಕೆಡಿಸಿಕೊಂಡು ವ್ಯಾಯಾಮ ಮಾಡುವುದಕ್ಕಿಂತ, ರಾತ್ರಿ ಟೆಲಿವಿಷನ್ನನ್ನೂ ಮೊಬೈಲನ್ನೂ ಒಂದು ಗಂಟೆ ಮೊದಲೇ ಮುಚ್ಚುವುದು ಲಾಭಕರ.

ನಿಜವಾದ ಅಪಾಯ

“ತೆಳ್ಳಗಿದ್ದೀರಿ, ನಿಮಗೇಕೆ ಸಕ್ಕರೆ ಕಾಯಿಲೆ ಬಂದೀತು?” ಎಂಬ ನೆರೆಹೊರೆಯವರ ಮಾತೇ ಕೃಶಕಾಯರ ದೊಡ್ಡ ಶತ್ರು. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ, ದೇಹವಿಡೀ ಸ್ಥೂಲವಾದವರು ಶೇಕಡಾ 28.6, ಹೊಟ್ಟೆಯ ಬೊಜ್ಜುಳ್ಳವರು ಶೇಕಡಾ 39.5, ಮಧುಮೇಹಿಗಳು ಶೇಕಡಾ 11.4. ಚೆನ್ನೈಯ ತಜ್ಞರು 2005ರಲ್ಲಿ ರೂಪಿಸಿದ ಮಧುಮೇಹ ಸಂಭವ ಸೂಚಿ ವಯಸ್ಸು, ಹೊಟ್ಟೆಯ ಸುತ್ತಳತೆ, ದೈಹಿಕ ಶ್ರಮ, ತಂದೆತಾಯಿಗಳ ಮಧುಮೇಹ ಈ ನಾಲ್ಕನ್ನು ಮಾತ್ರ ಕೇಳುತ್ತದೆ. ತೂಕವನ್ನು ಕೇಳುವುದೇ ಇಲ್ಲ. ಸುತ್ತಳತೆ ಮಿತಿ ಮೀರಿದವರು, ಹೆತ್ತವರಲ್ಲಿ ಮಧುಮೇಹವಿದ್ದವರು ಎಷ್ಟೇ ತೆಳ್ಳಗಿದ್ದರೂ ರಕ್ತದ ಸಕ್ಕರೆ, ಕೊಬ್ಬು ಮತ್ತು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಬೇಕು.

ಸುತ್ತಳತೆ ಮಿತಿಯೊಳಗಿದ್ದು, ಪರೀಕ್ಷೆಗಳೂ ಸರಿಯಿದ್ದರೆ, ಹೊಕ್ಕುಳ ಕೆಳಗಿನ ಬೆರಳಷ್ಟು ಮಡಿಕೆ ರೋಗವಲ್ಲ. ಅದು ದೇಹದ ಸಹಜ ಆಸ್ತಿ; ವಿಶೇಷವಾಗಿ ಸ್ತ್ರೀಯರಲ್ಲಿ ಕೊಬ್ಬು ತೀರ ಇಳಿದರೆ ಮಾಸಿಕ ಸ್ರಾವವೇ ನಿಂತುಹೋಗಬಹುದು. ಅದರ ಬೆನ್ನುಹತ್ತಿ ಹಸಿದಿರುವ ಅಗತ್ಯವಿಲ್ಲ. ಮಿತಿ ಮೀರಿದವರಾದರೋ ತಿಂಗಳಿಗೊಮ್ಮೆ ಅಳೆದು ಬರೆದಿಡಲಿ. ತೂಕ ಕದಲದೆ ಸುತ್ತಳತೆ ಎರಡು ಸೆಂಟಿಮೀಟರ್ ಇಳಿದರೆ ಅದು ಸೋಲಲ್ಲ, ಕೊಬ್ಬು ಹೋಗಿ ಮಾಂಸಖಂಡ ಬಂದ ಗೆಲುವು. ಊರೂರಿನ ಕನ್ನಡ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ತಕ್ಕಡಿಯ ಪಕ್ಕದಲ್ಲಿ ಒಂದು ಟೇಪೂ ಇರಲಿ. ತೆಳ್ಳಗಿರುವವರೂ ಸಾಲಿನಲ್ಲಿ ನಿಲ್ಲಲಿ.